ಚೌಳು ನೆಲದ ಸೊಪ್ಪುಗಳು

ತೆಂಗಿನಮರವು ಸಮುದ್ರತೀರದ ಮರವೆಂದು ನಾವೆಲ್ಲರೂ ಕೆಳಗಿನ ತರಗತಿಗಳಲ್ಲಿಯೇ ಓದಿರುವೆವು. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಹುಟ್ಟಿ, ತೊಟ್ಟಿಲಿನಿಂದಲೇ ತೆಂಗಿನ ಗರಿಯ ಸದ್ದನ್ನು ಕೇಳುತ್ತ ಬೆಳೆದ ನಮಗೆ ಈ ಮಾತು ಅಷ್ಟಾಗಿ ಮನಸ್ಸಿಗೆ ನಾಟುವುದಿಲ್ಲ. ಸಮುದ್ರವು ಇಲ್ಲಿಗೆ ನೂರು ಮೈಲಿಗಿಂತಲೂ ದೂರ. ನಮ್ಮ ನೆಲವಾದರೋ ಅದರ ಮಟ್ಟಕ್ಕಿಂತ ಎರಡೂವರೆ ಸಾವಿರ ಅಡಿಗಳಿಗೂ ಮೇಲೆ. ಆದಾಗ್ಯೂ ಈ ಮರವು ತನ್ನ ತವರಿನ ಉಪ್ಪನ್ನು ಮರೆತಿಲ್ಲ. ಸಸಿಯನ್ನು ನೆಡುವ ಗುಂಡಿಗೆ ಹಿರಿಯರು ಒಂದು ಬೊಗಸೆ ಉಪ್ಪನ್ನು ಹಾಕುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿರಬಹುದು. ಬೇರೆ ಗಿಡಕ್ಕೆ ಹೀಗೆ ಮಾಡಿದರೆ ಅದು ಸುಟ್ಟುಹೋದೀತು. ಉಪ್ಪಿನಲ್ಲಿರುವ ಕ್ಲೋರಿನ್ ಎಂಬ ಅಂಶವು ತೆಂಗಿಗೆ ಆಹಾರವೇ ಸರಿಯೆಂದು ಈಗಿನ ಶಾಸ್ತ್ರಜ್ಞರು ನಿಶ್ಚಯಿಸಿರುವರು. ಫಿಲಿಪೀನ್ಸ್ ದೇಶದಲ್ಲಿ ಕಡಲಿಗೆ ದೂರವಾದ ತೋಟಗಳಿಗೆ ಅಡಿಗೆಯ ಉಪ್ಪನ್ನೇ ಗೊಬ್ಬರವಾಗಿ ಕೊಡುವ ಪದ್ಧತಿಯುಂಟು.

ಆದರೆ ನಾನು ಈ ಸಂಚಿಕೆಯಲ್ಲಿ ಬರೆಯಹೊರಟಿರುವುದು ತೆಂಗನ್ನು ಕುರಿತಲ್ಲ. ಅದಕ್ಕೆ ಮಾರುಕಟ್ಟೆಯುಂಟು, ಹರಾಜುಂಟು, ಅಟ್ಟದ ಮೇಲೆ ವರ್ಷದವರೆಗೂ ಕಾಪಾಡಿ ಉಂಡೆಕೊಬ್ಬರಿ ಮಾಡುವ ಯಜಮಾನರುಂಟು. ಅದರ ಬುಡದಲ್ಲಿಯೂ, ಕೆರೆಯ ಅಂಗಳದಲ್ಲಿಯೂ, ಚೌಳು ಬಂದ ಗದ್ದೆಯ ಬದುವಿನಲ್ಲಿಯೂ ತಾವಾಗಿ ಹುಟ್ಟಿ, ಉಪ್ಪನ್ನು ಸಹಿಸಿಕೊಂಡು ಬದುಕುವ ಕೆಲವು ಬಡ ಗಿಡಗಳುಂಟಷ್ಟೆ. ಅವುಗಳ ಪರವಾಗಿ ನಾಲ್ಕು ಮಾತುಗಳನ್ನೂ, ಅವುಗಳನ್ನು ಅತಿಯಾಗಿ ಹೊಗಳುವವರ ವಿರೋಧವಾಗಿ ಇನ್ನು ನಾಲ್ಕು ಮಾತುಗಳನ್ನೂ ಹೇಳಬೇಕೆಂಬುದು ನನ್ನ ಅಪೇಕ್ಷೆ.

ಚೌಳು ಭೂಮಿಯೆಂದರೆ ಏನೆಂಬುದನ್ನು ಪಟ್ಟಣದಲ್ಲಿ ನೆಲೆಸಿದ ಸೋದರಿಯರಿಗಾಗಿ ತಿಳಿಸುವೆನು. ಬೇಸಗೆಯಲ್ಲಿ ನೆಲದೊಳಗಿನ ತೇವವು ಮೇಲಕ್ಕೇರಿ ಆರುವಾಗ, ಅದರಲ್ಲಿ ಕರಗಿದ್ದ ಲವಣಗಳು ಮೇಲ್ಗಡೆಯಲ್ಲಿ ಬೆಳ್ಳಗೆ ಹೊಪ್ಪಳಿಸಿ ನಿಲ್ಲುವುವು. ಇಂಥ ಮಣ್ಣನ್ನು ಅಗಸರು ಬಟ್ಟೆ ತೊಳೆಯುವುದಕ್ಕೆ ಒಯ್ಯುತ್ತಿದ್ದರು. ಉಪ್ಪಾರರು ಇದನ್ನು ಕೆರೆದು, ನೀರಿನಲ್ಲಿ ಸೋಸಿ, ಆರಿಸಿ ಮಣ್ಣುಪ್ಪನ್ನು ತೆಗೆಯುತ್ತಿದ್ದರು; ಅವರ ಕುಲದ ಹೆಸರೇ ಈ ಕಸಬಿನಿಂದ ಬಂದುದು. 1800ರಲ್ಲಿ ಸಿರಾದಿಂದ ಶ್ರೀರಂಗಪಟ್ಟಣಕ್ಕೆ ಹೋಗುತ್ತ ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ಮಾರ್ಗವಾಗಿ ನಡೆದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಈ ಸೀಮೆಯ ಮಣ್ಣು, ಬೆಳೆ, ತೋಟಗಳನ್ನು ಬಹು ಶ್ರದ್ಧೆಯಿಂದ ಬರೆದಿಟ್ಟಿರುವನು. ಈಗ ಉಪ್ಪಾರರ ಮಡಿಕೆಗಳೂ ಇಲ್ಲ, ಅಗಸರ ಚೌಳುಮಣ್ಣೂ ಇಲ್ಲ. ಆದರೆ ಚೌಳು ಮಾತ್ರ ಹೋಗಿಲ್ಲ. ಕಾಲುವೆಯ ನೀರು ತಗ್ಗಿನಲ್ಲಿ ನಿಂತು ಬಸಿಯದೆ ಹೋದೆಡೆಯಲ್ಲಿಯೂ, ಆಳವಾದ ಕೊಳವೆಬಾವಿಯ ಗಡಸುನೀರನ್ನು ವರ್ಷಗಟ್ಟಲೆ ಹರಿಸಿದೆಡೆಯಲ್ಲಿಯೂ ಅದು ಹೊಸದಾಗಿ ಹುಟ್ಟುತ್ತಲಿದೆ. ನಮ್ಮ ದೇಶದಲ್ಲಿ ಈ ತೊಂದರೆಯು ಎಷ್ಟು ದೊಡ್ಡದೆಂದರೆ, ಇದಕ್ಕಾಗಿಯೇ 1969ರಲ್ಲಿ ಕರ್ನಾಲಿನಲ್ಲಿ ಕೇಂದ್ರೀಯ ಮಣ್ಣಿನ ಲವಣತೆ ಸಂಶೋಧನಾಲಯವನ್ನು ಸ್ಥಾಪಿಸಬೇಕಾಯಿತು.

ಇಂಥ ನೆಲದಲ್ಲಿ ಗಿಡವು ಬದುಕುವುದಾದರೂ ಹೇಗೆ? ಉಪ್ಪಿನಕಾಯಿ ಹಾಕಿದವರಿಗೆಲ್ಲಾ ಇದರ ಗುಟ್ಟು ತಿಳಿದೇ ಇದೆ. ಮಾವಿನ ಹೋಳಿಗೆ ಉಪ್ಪು ಬೆರೆಸಿ ಒಂದು ರಾತ್ರಿ ಇಟ್ಟರೆ ಹೋಳು ನೀರು ಬಿಟ್ಟು ಸೊರಗುವುದಷ್ಟೆ. ಉಪ್ಪು ಮಣ್ಣಿನಲ್ಲಿ ಸಾಧಾರಣ ಗಿಡದ ಬೇರಿಗೂ ಇದೇ ಗತಿ. ಉಪ್ಪನ್ನು ಸಹಿಸತಕ್ಕ ಗಿಡವಾದರೋ ಒಂದು ಉಪಾಯವನ್ನು ಮಾಡುವುದು. ಒಳಬಂದ ಉಪ್ಪನ್ನು ತನ್ನ ಎಲೆಯ ಕಣಗಳೊಳಗೆ ಒಂದು ಮೂಲೆಯಲ್ಲಿ ಕೂಡಿಹಾಕಿ, ಉಳಿದ ಭಾಗದಲ್ಲಿ ತನ್ನದೇ ಆದ ಬೇರೆ ಬೇರೆ ರಸಗಳನ್ನು ಉತ್ಪತ್ತಿಮಾಡಿ, ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುವುದು. ಆದಕಾರಣವೇ ಇಂಥ ಗಿಡಗಳ ಎಲೆಯು ಅನೇಕವೇಳೆ ದಪ್ಪವಾಗಿ, ರಸಭರಿತವಾಗಿ, ಬಾಯಿಗೆ ಒಗರಾಗಿ ಇಲ್ಲವೆ ಉಪ್ಪುಪ್ಪಾಗಿ ಇರುವುದು. ಕಷ್ಟದಲ್ಲಿ ಬೆಳೆದ ಗಿಡವು ಕೂಡಿಟ್ಟ ಈ ರಸಗಳಲ್ಲಿ ಕೆಲವು ನಮ್ಮ ದೇಹಕ್ಕೆ ಹಿತ, ಕೆಲವು ಅಹಿತ. ಔಷಧದ ಗುಣವೂ ವಿಷದ ಗುಣವೂ ಒಂದೇ ಮನೆಯಲ್ಲಿ ಹುಟ್ಟಿದ ಅಕ್ಕತಂಗಿಯರೆಂಬುದನ್ನು ಮರೆಯತಕ್ಕದ್ದಲ್ಲ.

ಸಮುದ್ರತೀರದ ಅಳಿವೆಗಳಲ್ಲಿ ಇದಕ್ಕಿಂತಲೂ ಗಟ್ಟಿಗ ಗಿಡಗಳುಂಟು. ಅಘನಾಶಿನಿಯ ಗಜನಿ ಭೂಮಿಗಳಲ್ಲಿ ಉಪ್ಪುನೀರಿಗೆ ಅಂಜದ ಕಗ್ಗ ಭತ್ತವನ್ನು ಬೆಳೆಯುವರು. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾಲಯದವರು ಸ್ಯಾಲಿಕಾರ್ನಿಯವೆಂಬ ಕಡಲಂಚಿನ ಗಿಡದಿಂದ ಉಪ್ಪನ್ನೇ ತೆಗೆದಿರುವರು. ನಮ್ಮ ಗಿಡಗಳು ಅಷ್ಟು ಪ್ರಸಿದ್ಧವಾದುವಲ್ಲ, ಅಷ್ಟು ಉಪ್ಪನ್ನು ತಡೆಯುವ ಶಕ್ತಿಯೂ ಅವುಗಳಿಗಿಲ್ಲ. ಆದರೆ ಅವು ನಮ್ಮ ಹಿತ್ತಿಲಿನವು.

ಮೊದಲು ಹೇಳತಕ್ಕದ್ದು ಗೋಣಿಸೊಪ್ಪು. ಮುಂಗಾರಿನ ಎರಡು ಹದಮಳೆ ಬಿದ್ದೊಡನೆಯೇ ತೋಟದ ಪಾತಿಗಳಲ್ಲಿ ನೆಲಕ್ಕೆ ಅಂಟಿಕೊಂಡು ಹಬ್ಬುವ, ಕೆಂಪು ದಂಟಿನ, ದಪ್ಪ ಎಲೆಯ ಈ ಸೊಪ್ಪನ್ನು ಅರಿಯದವರಾರು? ನಮ್ಮ ಸೋದರತ್ತೆಯು ಇದನ್ನು ಅಣ್ಣೆಸೊಪ್ಪು, ಹೊನಗೊನ್ನೆ, ಕೀರೆ ಮುಂತಾದುವುಗಳೊಂದಿಗೆ ಸೆರಗಿನ ತುಂಬಾ ಕಿತ್ತು ತಂದು ಬೆರಕೆಸೊಪ್ಪಿನ ಬಸ್ಸಾರು ಮಾಡುತ್ತಿದ್ದಳು. ರಾಗಿಮುದ್ದೆಗೆ ಅದಕ್ಕಿಂತ ಒಳ್ಳೆಯ ಜೊತೆಯನ್ನು ನಾನು ಈವರೆಗೂ ಕಂಡಿಲ್ಲ. ಇದೇ ಸೊಪ್ಪನ್ನು ಗ್ರೀಸ್ ದೇಶದವರೂ ತಿನ್ನುವರು. 1986ರಲ್ಲಿ ಅಮೇರಿಕಾ ದೇಶದ ಆರ್ಟೆಮಿಸ್ ಸಿಮೊಪೌಲೊಸ್ ಎಂಬ ವೈದ್ಯೆಯು, ಮೀನಿನೆಣ್ಣೆಯ ಕಾರಣದಿಂದ ಹೆಸರುವಾಸಿಯಾದ ಒಮೆಗಾ-3 ವರ್ಗದ ಕೊಬ್ಬಿನ ಅಂಶವು ಈ ನೆಲದ ಸೊಪ್ಪಿನಲ್ಲಿಯೂ ಇರುವುದೆಂದು ತನ್ನ ಸಹೋದ್ಯೋಗಿಯೊಡನೆ ಪ್ರಕಟಿಸಿದಳು. 100 ಗ್ರಾಂ ಹಸಿಸೊಪ್ಪಿನಲ್ಲಿ ಅದು ಸುಮಾರು 300ರಿಂದ 400 ಮಿಲಿಗ್ರಾಂ ಇರುವುದು. ಪೊಟ್ಯಾಸಿಯಂ ಸುಮಾರು 490 ಮಿಲಿಗ್ರಾಂ, ಮೆಗ್ನೀಸಿಯಂ ಸುಮಾರು 68, ಕಬ್ಬಿಣ ಸುಮಾರು 2. ಮೀನಿನಲ್ಲಿರುವ ಕೊಬ್ಬೂ ಇದೂ ಒಂದೇ ಅಲ್ಲ. ಸೊಪ್ಪಿನದನ್ನು ನಮ್ಮ ದೇಹವು ಮೀನಿನದಾಗಿ ಮಾರ್ಪಡಿಸಿಕೊಳ್ಳುವುದು ಬಹು ಸ್ವಲ್ಪ ಮಾತ್ರ. ಆದರೂ ಕಾಸಿಲ್ಲದೆ ದೊರೆಯುವ ಸೊಪ್ಪಿಗೆ ಇದು ಸಣ್ಣ ಯೋಗ್ಯತೆಯಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಸ್ತ್ರೀಯರಲ್ಲಿ ಸುಮಾರು ಅರ್ಧಪಾಲು ಮಂದಿಗೆ ರಕ್ತಹೀನತೆಯುಂಟು. ಇದನ್ನು ಓದಿದ ಕೂಡಲೇ “ಹಾಗಾದರೆ ಸೊಪ್ಪು ತಿನ್ನಿರಿ” ಎಂದುಬಿಡುವುದು ಸುಲಭ. ನಾನು ಹಾಗೆ ಹೇಳಲಾರೆ. ಸೊಪ್ಪಿನ ಕಬ್ಬಿಣವು ಮೈಗೆ ಹತ್ತುವುದು ಕಡಿಮೆ. ಗೋಣಿಸೊಪ್ಪಿನಲ್ಲಿ ಹೇರಳವಾಗಿರುವ ಆಕ್ಸಲಿಕಾಮ್ಲವು ಸುಣ್ಣದ ಅಂಶವನ್ನು ಕಟ್ಟಿಹಾಕುವುದಲ್ಲದೆ, ಮೂತ್ರದಲ್ಲಿ ಕಲ್ಲಾಗುವ ಸ್ವಭಾವವುಳ್ಳವರಿಗೆ ಕೇಡನ್ನು ಮಾಡುವುದು. ಸೊಪ್ಪನ್ನು ಬೇಯಿಸಿ ನೀರನ್ನು ಬಸಿದು ಚೆಲ್ಲಿದರೆ ಈ ಆಮ್ಲದ ಒಂದು ಭಾಗವು ಹೋಗುವುದು. ಆದರೆ ನಮ್ಮ ಬಸ್ಸಾರಿನ ರುಚಿಯೆಲ್ಲವೂ ಆ ಬಸಿದ ನೀರಿನಲ್ಲಿಯೇ ಇರುವುದಷ್ಟೆ! ಆದುದರಿಂದ ಕಲ್ಲಿನ ಬಾಧೆಯುಳ್ಳವರು ಪಲ್ಯವನ್ನು ತಿಂದು ಸಾರನ್ನು ಉಳಿದವರಿಗೆ ಬಿಡತಕ್ಕದ್ದು. ಉಳಿದವರು ನಿಂಬೆಯ ರಸವನ್ನು ಹಿಂಡಿಕೊಂಡು ಉಂಡರೆ ಕಬ್ಬಿಣವು ಸ್ವಲ್ಪ ಹೆಚ್ಚಾಗಿ ಮೈಗೂಡುವುದು. ಊಟವಾದ ಕೂಡಲೇ ಚಹಾ ಕುಡಿದರೆ ಆ ಲಾಭವೂ ಹೋಗುವುದು. ರಕ್ತಹೀನತೆಯು ಬಲವಾಗಿದ್ದಲ್ಲಿ ಕಬ್ಬಿಣದ ಮಾತ್ರೆಯೇ ಬೇಕು.

ಇನ್ನು ಕೊಮ್ಮೆಯ ವಿಷಯ. ಸಂಸ್ಕೃತದಲ್ಲಿ ಇದನ್ನು ಪುನರ್ನವವೆನ್ನುವರು. ಬೇಸಗೆಯಲ್ಲಿ ಒಣಗಿ ಸತ್ತಂತಿದ್ದು ಮಳೆ ಬಿದ್ದೊಡನೆ ಬೇರಿನಿಂದ ಹೊಸದಾಗಿ ಚಿಗುರುವುದರಿಂದ ಈ ಹೆಸರು. ಬಾವು ಇಳಿಸುವುದಕ್ಕೂ ಮೂತ್ರವನ್ನು ಹೆಚ್ಚಿಸುವುದಕ್ಕೂ ಆಯುರ್ವೇದದವರು ಇದನ್ನು ಬಹುಕಾಲದಿಂದ ಕೊಡುತ್ತ ಬಂದಿರುವರು. 1933ರಲ್ಲಿ ಭಾರತದ ಮೂಲಿಕೆಗಳನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದ ಕರ್ನಲ್ ರಾಮನಾಥ ಚೋಪ್ರಾರವರು ಈ ಗಿಡವನ್ನೂ ಪರೀಕ್ಷಿಸಿದ್ದರು. ಇದರಲ್ಲಿ ಪೊಟ್ಯಾಸಿಯಂ ನೈಟ್ರೇಟು, ಎಂದರೆ ನಮ್ಮ ಪೆಟ್ಲುಪ್ಪು, ಗಣನೀಯವಾಗಿ ಇರುವುದು ಅಂತಹ ಪರೀಕ್ಷೆಗಳಿಂದ ತಿಳಿದುಬಂದಿತು. ಮೂತ್ರವನ್ನು ಹೆಚ್ಚಿಸುವ ಗುಣಕ್ಕೆ ಅದೂ ಒಂದು ಕಾರಣವೆಂದು ಎಣಿಸಿದರು. ಕೊಮ್ಮೆಯೆಂದು ಕೀಳುವಾಗ ಜನರು ಅನೇಕವೇಳೆ ಇನ್ನೊಂದು ಗಿಡವನ್ನು ಕೀಳುವುದುಂಟು. ನಿಜವಾದ ಕೊಮ್ಮೆಯ ಎಲೆಯ ಅಡಿ ಬಿಳಿಚು, ಹೂವು ಸಾಸಿವೆಯಷ್ಟು ಸಣ್ಣದಾಗಿ ನಸುಗೆಂಪು, ಕಾಯಿ ಸೀರೆಯ ಅಂಚಿಗೆ ಅಂಟತಕ್ಕದ್ದು. ಕೆಲವರು ಮುಚ್ಚುಗೋಣಿಯೆನ್ನುವ ಮತ್ತೊಂದರ ಎಲೆಯು ದಪ್ಪ. ಹೂವು ಎಲೆಯ ಬುಡದಲ್ಲಿ ಅರ್ಧ ಮುಚ್ಚಿಕೊಂಡಿರುವುದು. ಚೌಳಿನಲ್ಲಿ ಹೆಚ್ಚಾಗಿ ಕಾಣುವುದು ಇದೇ. ಬಿಳಿಯ ಪುನರ್ನವವೆಂದು ವೈದ್ಯರಲ್ಲಿ ಕೆಲವರು ಇದನ್ನೂ ಉಪಯೋಗಿಸುವರಾದರೂ ಇದರ ಬೇರು ಹೆಚ್ಚಾದರೆ ಭೇದಿಯಾಗುವುದು. ಗರ್ಭಿಣೀ ಸ್ತ್ರೀಯರು ಇದರ ಬಳಿಗೂ ಹೋಗತಕ್ಕದ್ದಲ್ಲ.

ಈ ಗಿಡದ ವಿಷಯದಲ್ಲಿ ನನ್ನ ಮನೆಯ ಒಂದು ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗಲಾರೆನು. ನನಗೆ ಸೊಪ್ಪುಗಳ ಹೆಸರನ್ನು ಕಲಿಸಿದವಳು ನನ್ನ ದೊಡ್ಡಮ್ಮ. ಅಕ್ಷರ ಬಾರದ ಆಕೆಗೆ ನಲವತ್ತು ಬಗೆಯ ಸೊಪ್ಪುಗಳ ಗುರುತು, ಋತು, ಬೇಯಿಸುವ ಕ್ರಮ ಎಲ್ಲವೂ ಬಾಯಲ್ಲಿದ್ದುವು. ಅರವತ್ತು ದಾಟಿದ ಮೇಲೆ ಒಂದು ವರ್ಷ ಆಕೆಯ ಪಾದಗಳು ಊದಿಕೊಂಡುವು. “ಕೊಮ್ಮೆ ಬೇರಿನ ಕಷಾಯ ಕುಡಿದರೆ ಇಳಿಯುತ್ತದಮ್ಮ, ಕಾಯಿಸಿಕೊಡು” ಎಂದಳು. ನಾನು ಕಾಯಿಸಿಕೊಟ್ಟೆನು. ಹತ್ತು ದಿನಗಳಲ್ಲಿ ಊತವು ನಿಜವಾಗಿಯೂ ಇಳಿಯಿತು. ಅದೇ ನಮಗೆ ಕೇಡಾಯಿತು. ಇಳಿದುದರಿಂದ ಆಕೆಗೂ ನನಗೂ ನಂಬಿಕೆ ಬಲವಾಗಿ, ಊತವು ಮರಳಿ ಬಂದಾಗಲೆಲ್ಲಾ ಕಷಾಯವೇ ನಡೆಯಿತು. ಆರೇಳು ತಿಂಗಳ ಮೇಲೆ ಊಟ ಸೇರದೆ, ಉಸಿರು ಕಟ್ಟಿ, ಆಸ್ಪತ್ರೆಗೆ ಕರೆದೊಯ್ದಾಗ, ಆಕೆಯ ಮೂತ್ರಪಿಂಡಗಳು ಬಹುಮಟ್ಟಿಗೆ ಕೆಟ್ಟುಹೋಗಿದ್ದುವೆಂದೂ, ರಕ್ತದಲ್ಲಿ ಪೊಟ್ಯಾಸಿಯಂ ಮಿತಿಮೀರಿದ್ದಿತೆಂದೂ ತಿಳಿಯಿತು. ಕೆಟ್ಟ ಮೂತ್ರಪಿಂಡವು ಹೊರಕ್ಕೆ ಹಾಕಲಾರದ ಆ ಲವಣವನ್ನೇ ನಾವು ದಿನವೂ ಲೋಟದಲ್ಲಿ ಕುಡಿಸುತ್ತಿದ್ದೆವು. ಮೇಲೆ, ಬಾಯಾರಿಕೆಗೆಂದು ಎಳನೀರು ಬೇರೆ! ಎಳನೀರಿನಲ್ಲಿಯೂ ಅದೇ ಪೊಟ್ಯಾಸಿಯಂ ಹೇರಳವಾಗಿರುವುದೆಂದು ತೆಂಗಿನ ಸೀಮೆಯ ನನಗೆ ಆಗ ಗೊತ್ತಿರಲಿಲ್ಲ. ಮೂರು ವಾರಗಳಲ್ಲಿ ದೊಡ್ಡಮ್ಮನು ತೀರಿಕೊಂಡಳು. ಕಷಾಯವಿಲ್ಲದಿದ್ದರೆ ಬದುಕುತ್ತಿದ್ದಳೆಂದು ವೈದ್ಯರು ಹೇಳಲಿಲ್ಲ. ಮೊದಲ ತಿಂಗಳಿನಲ್ಲಿಯೇ ಒಂದು ಸಾರಿ ರಕ್ತವನ್ನೂ ಮೂತ್ರವನ್ನೂ ಪರೀಕ್ಷಿಸಿದ್ದರೆ ಇನ್ನೂ ಕೆಲವು ವರ್ಷ ನಡೆಯಬಹುದಿತ್ತೆಂದು ಮಾತ್ರ ಹೇಳಿದರು.

ಇದರಲ್ಲಿ ಕೊಮ್ಮೆಯ ತಪ್ಪೇನೂ ಇಲ್ಲ. ಅದು ತನ್ನ ಗುಣವನ್ನು ಸರಿಯಾಗಿಯೇ ತೋರಿಸಿತು. ಊತವು ರೋಗವಲ್ಲ, ರೋಗದ ಗುರುತೆಂಬುದನ್ನು ಅರಿಯದೆ, ಗುರುತನ್ನು ಅಳಿಸಿ ರೋಗವು ಹೋಯಿತೆಂದು ತಿಳಿದವಳು ನಾನು, ಹೈಸ್ಕೂಲು ಓದಿದವಳು. ಆದುದರಿಂದಲೇ, “ಮೂತ್ರಪಿಂಡದ ಸಕಲ ವ್ಯಾಧಿಗಳಿಗೂ ಪುನರ್ನವವೇ ರಾಮಬಾಣ” ಎಂದು ಸೀಸೆಗಳ ಮೇಲೆ ಅಚ್ಚುಹಾಕಿ ಮಾರುವವರನ್ನು ಕಂಡರೆ ನನಗೆ ಸಹನೆಯು ತಪ್ಪುವುದು.

ಹೊಂಗೆಯ ಮಾತು ಬೇರೆ. ಅದು ಬಹಳ ಮಟ್ಟಿಗೆ ನಿರಪಾಯಕಾರಿ. ಇದೂ ತೆಂಗಿನಂತೆ ಕಡಲಿನ ಅಳಿವೆಯಲ್ಲಿಯೂ ನಮ್ಮ ಕೆರೆಯ ಏರಿಯಲ್ಲಿಯೂ ಒಂದೇ ಸಮನಾಗಿ ಬೆಳೆಯತಕ್ಕ ಮರ. ಯುಗಾದಿಯ ಸುಮಾರಿಗೆ ಹೂವನ್ನು ನೆಲದ ಮೇಲೆ ಸುರಿಸಿ, ಸೊಪ್ಪನ್ನು ತೋಟಕ್ಕೆ ಗೊಬ್ಬರವಾಗಿ ಕೊಟ್ಟು, ಬೀಜದಿಂದ ಎಣ್ಣೆಯನ್ನು ಕೊಡುವುದು. ಆ ಎಣ್ಣೆಯು ಹಿಂದೆ ದೀಪಕ್ಕೂ ಕಜ್ಜಿತುರಿಗಳಿಗೂ ಉಪಯೋಗವಾಗುತ್ತಿದ್ದಿತು. ಹೊರಗೆ ಹಚ್ಚುವುದಕ್ಕೆ ಮಾತ್ರ, ಹೊಟ್ಟೆಗೆ ಸರ್ವಥಾ ಕೂಡದು. ಕಜ್ಜಿಯು ಮನೆಯಲ್ಲಿ ಒಬ್ಬರಿಂದೊಬ್ಬರಿಗೆ ಹರಡಿದಾಗ ಈಗಿನ ಮುಲಾಮುಗಳೇ ಹೆಚ್ಚು ಖಂಡಿತವಾದುವು. ಮನೆಯವರೆಲ್ಲರೂ ಒಂದೇ ದಿನ ಹಚ್ಚಿಕೊಂಡು ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಗರಿಕೆಯು ಚೌಳಿನಲ್ಲಿ ಎಲ್ಲಕ್ಕಿಂತ ಮೊದಲು ಹಬ್ಬುವ ಹುಲ್ಲು. ಮೂಗಿನಲ್ಲಿ ರಕ್ತ ಬಂದರೆ ಅದರ ರಸವನ್ನು ಹಿಂಡುವ ವಾಡಿಕೆಯುಂಟು. ನಾನಾದರೋ ಆಗ ಮೂಗನ್ನು ಬಿಗಿಹಿಡಿದು, ತಲೆಯನ್ನು ಮುಂದಕ್ಕೆ ಬಾಗಿಸಿ ಹತ್ತು ನಿಮಿಷ ಕುಳ್ಳಿರಿಸುವೆನು. ಗರಿಕೆಯನ್ನು ಮಣ್ಣು ಹಿಡಿದಿಡುವ ಕೆಲಸಕ್ಕೆ ಬಿಡುವುದೇ ಲೇಸು.

ತಂದೆತಾಯಿಗಳು ಹೆಚ್ಚಾಗಿ ವಿಚಾರಿಸುವುದು ಬ್ರಾಹ್ಮಿಯನ್ನು. ಪರೀಕ್ಷೆಗಳು ಸಮೀಪಿಸಿದಂತೆಲ್ಲಾ ಹುಡುಗಿಯರಿಗೆ ಇದನ್ನು ಅರೆದು ತಿನ್ನಿಸುವ ಗಡಿಬಿಡಿಯು ಮನೆಮನೆಯಲ್ಲಿಯೂ ಕಾಣುವುದು. ನಮ್ಮ ಕಡೆ ಎರಡು ಗಿಡಗಳಿಗೆ ಈ ಹೆಸರುಂಟು. ದುಂಡನೆಯ ಒಂಟಿ ಎಲೆಯದು ಒಂದೆಲಗ. ಕೆರೆಯ ಕೋಡಿಯ ಜೌಗಿನಲ್ಲಿ ಸಣ್ಣ ದಪ್ಪ ಎಲೆಯಿಂದ ಹಬ್ಬಿ ಬಿಳಿಯ ಇಲ್ಲವೆ ತಿಳಿನೀಲಿಯ ಹೂ ಬಿಡುವ ಕಹಿಯಾದುದು ನೀರುಬ್ರಾಹ್ಮಿ. ಉಪ್ಪುನೀರನ್ನೂ ಸಹಿಸತಕ್ಕದ್ದು ಇದು. ಲಕ್ಷ್ಮಣಪುರದ ಕೇಂದ್ರೀಯ ಔಷಧ ಸಂಶೋಧನಾಲಯದವರೂ ಪರದೇಶಗಳವರೂ ಇದನ್ನು ಪರೀಕ್ಷಿಸಿ, ಜ್ಞಾಪಕಶಕ್ತಿಗೆ ಅಲ್ಪಸ್ವಲ್ಪ ಸಹಾಯವಾದಂತೆ ಕಾಣುವುದೆಂದು ಹೇಳಿರುವರು. ಆದರೆ ಆ ಪರೀಕ್ಷೆಗಳು ಬಹುಮಟ್ಟಿಗೆ ದೊಡ್ಡವರ ಮೇಲೆ ನಡೆದುವು, ಅದೂ ದಿನವೂ ತಪ್ಪದೆ ಮೂರು ತಿಂಗಳವರೆಗೆ ಕೊಟ್ಟು. ಪರೀಕ್ಷೆಯ ಹಿಂದಿನ ರಾತ್ರಿ ತಿನ್ನಿಸಿದರೆ ಹುಡುಗಿಗೆ ಲಭಿಸುವುದು ಹೊಟ್ಟೆನೋವು ಮಾತ್ರ. ಆ ರಾತ್ರಿ ಬೇಗನೆ ಮಲಗಗೊಡಿಸುವುದು ಹೆಚ್ಚು ಪ್ರಯೋಜನಕಾರಿ. ಮೇಲಾಗಿ ಜೌಗಿನ ಗಿಡವು ಜೌಗಿನಲ್ಲಿರುವುದೆಲ್ಲವನ್ನೂ ಹೀರಿಕೊಳ್ಳುವುದು. ಊರ ಮೋರಿಯು ಕೆರೆಗೆ ಸೇರುವ ಕಡೆಯಲ್ಲಿ ಕಿತ್ತ ಬ್ರಾಹ್ಮಿಯನ್ನು ಹಸಿಯಾಗಿ ತಿನ್ನಿಸುವುದಕ್ಕಿಂತ ತಿನ್ನಿಸದಿರುವುದೇ ಮೇಲು.

ಇಷ್ಟನ್ನು ಓದಿದವರು, “ಹಾಗಾದರೆ ಈ ಗಿಡಗಳ ಗೊಡವೆಯೇ ಬೇಡವೆನ್ನುವಿರೇನು?” ಎಂದು ಕೇಳಬಹುದು. ನನ್ನ ಅಭಿಪ್ರಾಯವು ಅದಲ್ಲ. ಆಹಾರವಾಗಿ ಇವು ಬೇಕೇ ಬೇಕು. ವಾರದಲ್ಲಿ ಎರಡು ದಿನ ಬೆರಕೆಸೊಪ್ಪು ಬೇಯುವ ಮನೆಯು ಕೋಸುಗಡ್ಡೆಯೊಂದನ್ನೇ ನೆಚ್ಚಿದ ಮನೆಗಿಂತ ಚೆನ್ನಾಗಿ ಉಣ್ಣುವುದೆಂದು ನಾನು ದೃಢವಾಗಿ ನಂಬಿರುವೆನು. ಕೂಲಿಗೆ ಹೋಗುವ ಹೆಂಗಸರಿಗೆ ಮಳೆಗಾಲದಲ್ಲಿ ಇದು ಸಾಲವಿಲ್ಲದೆ ಸಿಕ್ಕುವ ಊಟ. ಆದರೆ ಈ ಊಟವೇ ಈಗ ಕಣ್ಮರೆಯಾಗುತ್ತಲಿದೆ. ತೋಟವು ಒಂದು ಹುಲ್ಲೂ ಇಲ್ಲದೆ ಗುಡಿಸಿದಂತಿರಬೇಕೆಂಬ ಹೊಸ ಶೋಕಿಯಿಂದ ಕಳೆನಾಶಕವನ್ನು ಸಿಂಪಡಿಸುವರು. ವಾರದೊಳಗೆ ಗೋಣಿಯೂ ಅಣ್ಣೆಯೂ ಕೊಮ್ಮೆಯೂ ಕೆಂಪಾಗಿ ಸಾಯುವುವು. ಇಂಥವುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಗ್ಲೈಫೊಸೇಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2015ರಲ್ಲಿ, ಮನುಷ್ಯರಲ್ಲಿ ಬಹುಶಃ ಕ್ಯಾನ್ಸರನ್ನು ಉಂಟುಮಾಡತಕ್ಕುದೆಂಬ ವರ್ಗಕ್ಕೆ ಸೇರಿಸಿತು. ಬೇರೆ ಕೆಲವು ಸರಕಾರದ ಮಂಡಲಿಗಳು ಅದನ್ನು ಒಪ್ಪಿಲ್ಲ. ಆ ವಾದವು ಹೇಗಾದರೂ ಇರಲಿ, ಸಿಂಪಡಿಸಿದ ತೋಟದ ಸೊಪ್ಪನ್ನು ಕೂಲಿಯ ಹೆಂಗಸು ತಿಳಿಯದೆ ಮಡಿಲು ತುಂಬಿಕೊಂಡು ಹೋಗುವಳಲ್ಲಾ, ಆಕೆಗೆ ಹೇಳುವವರಾರು? ಸಿಂಪಡಿಸಿದ ಯಜಮಾನನು ಬೇಲಿಗೆ ಒಂದು ಕೆಂಪು ಬಟ್ಟೆಯನ್ನಾದರೂ ಕಟ್ಟಬಾರದೇ?

ಕೀಳುವ ಜಾಗದ ವಿಷಯದಲ್ಲಿ ಇನ್ನೊಂದು ಮಾತುಂಟು. ಉಪ್ಪನ್ನು ಹೀರುವ ಗಿಡವು ಉಪ್ಪನ್ನು ಮಾತ್ರವೇ ಹೀರುವುದೆಂಬ ನಿಯಮವಿಲ್ಲ. ನಮ್ಮ ಜಿಲ್ಲೆಯ ಪಾವಗಡ, ಸಿರಾ ಕಡೆಯ ಅಂತರ್ಜಲದಲ್ಲಿ ಫ್ಲೋರೈಡು ಅಧಿಕವೆಂಬುದು ಸರ್ವವಿದಿತ. ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸುಗಳ ಅದಿರನ್ನು ತೆಗೆದ ಗಣಿಗಳುಂಟು. ಗಣಿಯ ಕಸವನ್ನು ಸುರಿದೆಡೆಯಲ್ಲಿಯೂ, ಹೆದ್ದಾರಿಯ ಅಂಚಿನಲ್ಲಿಯೂ ಸೊಪ್ಪು ಎಷ್ಟು ಹಸುರಾಗಿದ್ದರೂ ಕೀಳತಕ್ಕದ್ದಲ್ಲ. ರಕ್ತದೊತ್ತಡವಿರುವವರು ಚೌಳಿನ ಸೊಪ್ಪಿಗೆ ಅಡಿಗೆಯಲ್ಲಿ ಉಪ್ಪನ್ನು ಕಡಿಮೆ ಹಾಕಬೇಕು. ಎಲೆಯಲ್ಲಿಯೇ ಅದು ಸ್ವಲ್ಪ ಇದ್ದೇ ಇರುವುದು.

“ಇಷ್ಟು ಖರ್ಚುಮಾಡಿ ಓದಿಸಿದ್ದು ಕಳೆ ಕೀಳುವುದಕ್ಕೇನು?” ಎಂದು ಒಬ್ಬ ತಂದೆಯವರು ನನ್ನನ್ನು ಒಮ್ಮೆ ಕೇಳಿದ್ದುಂಟು. ಅವರ ಮಗಳು ಈಗ ದಾದಿಯಾಗಿರುವಳು. ಊತ ಬಂದ ಪಾದವನ್ನು ಬೆರಳಿನಿಂದ ಒತ್ತಿ ನೋಡಿ, ಅದು ಹೃದಯದ್ದೋ ಮೂತ್ರಪಿಂಡದ್ದೋ ಎಂದು ಪರೀಕ್ಷೆಗೆ ಕಳುಹಿಸುವುದು ಆಕೆಗೆ ಗೊತ್ತು. ಆದರೆ ಎದುರಿಗೆ ಕುಳಿತ ಅಜ್ಜಿಯು, “ಕೊಮ್ಮೆ ಕುಡಿಯುತ್ತಿದ್ದೇನೆ, ತಾಯಿ” ಎಂದರೆ, ಅದು ಯಾವ ಗಿಡವೆಂದು ಆಕೆಗೆ ತಿಳಿಯದು. ತಿಳಿಯದುದನ್ನು ವೈದ್ಯರಿಗೆ ಹೇಗೆ ತಿಳಿಸಿಯಾಳು? ಅಜ್ಜಿಗೆ ಗಿಡವು ಗೊತ್ತು, ಮೂತ್ರಪಿಂಡವು ಗೊತ್ತಿಲ್ಲ. ಮೊಮ್ಮಗಳಿಗೆ ಮೂತ್ರಪಿಂಡವು ಗೊತ್ತು, ಗಿಡವು ಗೊತ್ತಿಲ್ಲ. ನನ್ನ ದೊಡ್ಡಮ್ಮನ ಮನೆಯಲ್ಲಿ ಇಬ್ಬರ ತಿಳಿವಳಿಕೆಯೂ ಒಂದೆಡೆ ಸೇರಲಿಲ್ಲ.

ಆದುದರಿಂದ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಾಯಂದಿರಲ್ಲಿಯೂ ನನ್ನ ಕೋರಿಕೆಯು ಇಷ್ಟೆ. ನಮ್ಮ ಪಾಠಶಾಲೆಯ ಬಾವಿಯ ಹಿಂಬದಿಯಲ್ಲಿ, ಪಾತ್ರೆ ತೊಳೆದ ನೀರು ಹರಿದು ಚೌಳಾಗಿ, ಹೂವಿನ ಗಿಡಗಳೊಂದೂ ಏಳದ ಒಂದು ತುಂಡು ನೆಲವಿರುವುದು ತಮಗೆಲ್ಲರಿಗೂ ನೆನಪಿದ್ದೀತು. ಮುಂದಿನ ಮುಂಗಾರಿಗೆ ಪ್ರತಿಯೊಂದು ಹುಡುಗಿಯೂ ತನ್ನ ಅಜ್ಜಿಯನ್ನು ಕೇಳಿ ಒಂದೊಂದು ಸೊಪ್ಪಿನ ಬೇರನ್ನು ತಂದು ಅಲ್ಲಿ ನೆಡಲಿ. ಅಜ್ಜಿಯು ಹೇಳುವ ಹೆಸರು, ಆಕೆ ಬೇಯಿಸುವ ಬಗೆ, ಯಾರಿಗೆ ಆಗದೆಂದು ಆಕೆಯೂ ವೈದ್ಯರೂ ಹೇಳುವುದು, ಈ ಮೂರನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಕೊಮ್ಮೆಯ ಬೇರನ್ನು ನಾನು ತರುವೆನು. ಮುಚ್ಚುಗೋಣಿಯನ್ನು ಅದರ ಪಕ್ಕದಲ್ಲಿಯೇ ನೆಡಬೇಕು. ಎರಡನ್ನೂ ಒಟ್ಟಿಗೆ ನೋಡಿದ ಹುಡುಗಿಯು ಮತ್ತೆ ಒಂದನ್ನು ಇನ್ನೊಂದೆಂದು ತಿಳಿಯಲಾರಳು.